ಪಟ್ಟಿಯಲ್ಲಿ ಬಿಟ್ಟ ಹೆಸರು

ಕ್ಷಯ ಬಂದವರನ್ನು ಜನ ಮೊದಲು ಕೇಳುವುದು "ಹೇಗಿದ್ದೀಯ" ಎಂದಲ್ಲ, "ಯಾರಿಂದ ಬಂತು" ಎಂದು. ನನ್ನನ್ನು ಹೀಗೆ ಕೇಳಿದವರಲ್ಲಿ ನನ್ನ ಸೋದರಮಾವ, ವಿಶ್ವವಿದ್ಯಾಲಯದ ಚರ್ಚಾಕೂಟದ ಅಧ್ಯಕ್ಷ, ನಮ್ಮ ಬೀದಿಯ ಅಂಚೆಯವನು ಎಲ್ಲರೂ ಇದ್ದಾರೆ. ಉತ್ತರ ನನಗೆ ಗೊತ್ತಿಲ್ಲ. ಆಸ್ಪತ್ರೆಯವರಿಗೂ ಗೊತ್ತಾಗಲಿಲ್ಲ. ಆದರೆ ಆ ಉತ್ತರವನ್ನು ಹುಡುಕಲೆಂದೇ ಒಂದು ಹಾಳೆ ಇದೆ. ಅದನ್ನು ರೋಗಿಯೇ ತುಂಬಬೇಕು. ಆ ಹಾಳೆಯಲ್ಲಿ ನಾನು ಒಂದು ಹೆಸರನ್ನು ಬೇಕೆಂದೇ ಬಿಟ್ಟಿದ್ದೆ. ಮೂರು ವರ್ಷ ಕಳೆದ ಮೇಲೆ ಇದನ್ನು ಬರೆಯುತ್ತಿರುವುದು ಅದಕ್ಕೇ. ಜೊತೆಗೆ, ಓದುವವರಲ್ಲಿ ಯಾರಾದರೂ ಇವತ್ತು ಬೆಳಿಗ್ಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಬಚ್ಚಲಲ್ಲೇ ಹೆದರಿ ನಿಂತಿದ್ದರೆ, ಹೆದರಬೇಡಿ, ಅದು ಮಾತ್ರೆಯ ಬಣ್ಣ. ನನಗೆ ಅದನ್ನು ಮುಂಚೆಯೇ ಹೇಳಿದ ನರ್ಸ್ ಒಬ್ಬರಿದ್ದರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ.

ನಾವು ಧಾರವಾಡದವರು. ನನಗೆ ಹನ್ನೊಂದು ವರ್ಷವಾಗಿದ್ದಾಗ ಅಪ್ಪನಿಗೆ ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು, ಮನೆ ಅದೇ ಊರಿನ ವಿದನ್‌ಶಾ ಬಡಾವಣೆಯಲ್ಲಿ. ಅಪ್ಪ ಮೂಳೆ ಡಾಕ್ಟರು. ಡಾಕ್ಟರ ಮನೆಯಲ್ಲಿ ಬೆಳೆದವರಿಗೆ ಮಾತ್ರ ಅರ್ಥವಾಗುವ ಒಂದು ಸಂಗತಿ ಇದೆ: ನಾವು ಡಾಕ್ಟರ ಹತ್ತಿರ ಹೋಗುವುದಿಲ್ಲ. ನಮ್ಮ ಜೀಪಿಯ, ಅಂದರೆ ಬಡಾವಣೆಯ ಸರಕಾರಿ ಡಾಕ್ಟರ, ಮುಖ ನನಗೆ ಇಪ್ಪತ್ತು ವರ್ಷವಾಗುವವರೆಗೂ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಚಮಚಗಳ ಡ್ರಾಯರಿನ ಕೆಳಗೆ ಇನ್ನೊಂದು ಡ್ರಾಯರ್ ಇತ್ತು. ಅಪ್ಪ ಪ್ರತಿ ಸಲ ಊರಿಗೆ ಹೋದಾಗ ಹುಬ್ಬಳ್ಳಿಯ ಅಂಗಡಿಯಿಂದ ತರುತ್ತಿದ್ದ ಮಾತ್ರೆಗಳು ಅದರಲ್ಲಿರುತ್ತಿದ್ದವು. ಜ್ವರಕ್ಕೊಂದು, ಹೊಟ್ಟೆಗೊಂದು, ಉಳಿದ ಎಲ್ಲದಕ್ಕೂ ಒಂದು ಬಿಳಿಯ ಉದ್ದನೆಯ ಆ್ಯಂಟಿಬಯಾಟಿಕ್.

2003ರ ಚಳಿಗಾಲದ ಆರಂಭಕ್ಕೆ ನನಗೆ ಕೆಮ್ಮು ಶುರುವಾಯಿತು. ಅಪ್ಪ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ.

"ಏನಿಲ್ಲವಾ, ಥಂಡಿ. ಐದ್ ದಿನ ತಗೋ, ಆರಾಮಾಗ್ತೈತಿ."

ಆರಾಮಾಯಿತು. ಎರಡು ವಾರದ ಮೇಲೆ ಮತ್ತೆ ಬಂತು. ಮತ್ತೆ ಬಿಳಿ ಮಾತ್ರೆ, ಮತ್ತೆ ಆರಾಮ. ಮೂರನೆಯ ಸಲಕ್ಕೆ ಆರಾಮ ಬಂದದ್ದು ಅರ್ಧ ಮಾತ್ರ. ಆ ಜಾತಿಯ ಮಾತ್ರೆ ಕ್ಷಯದ ರೋಗಾಣುಗಳನ್ನು ಕೊಲ್ಲದೆ ಒಂದಿಷ್ಟು ದಿನ ಮಲಗಿಸುತ್ತದೆಯಂತೆ. ಇದು ಎದೆಯ ಡಾಕ್ಟರಿಗೆ ಗೊತ್ತಿರುವ ವಿಷಯ. ಮೂಳೆ ಡಾಕ್ಟರು ಓದಿ ಮರೆತಿರುವ ವಿಷಯ.

ಆಗ ನಾನು ಎರಡು ಕೆಲಸಗಳಿಗೆ ಪ್ರಾಣ ಬಿಡುತ್ತಿದ್ದೆ. ಒಂದು ವಾದ. ವಿಶ್ವವಿದ್ಯಾಲಯದ ಚರ್ಚಾ ತಂಡದಲ್ಲಿದ್ದೆ. ವಿಷಯ ಕೊಡುತ್ತಾರೆ, ಪರವೋ ವಿರೋಧವೋ ಎಂದು ಚೀಟಿ ಎತ್ತಿ ಹೇಳುತ್ತಾರೆ, ತಯಾರಿಗೆ ಹದಿನೈದು ನಿಮಿಷ. ಯಾವ ಪಕ್ಷ ಬಂದರೂ ಗೆಲ್ಲಬೇಕು. ಎರಡು ವರ್ಷ ಹೀಗೆ ಪಳಗಿದವರಿಗೆ ಎದುರಿನವರು ಹೇಳುವುದು ನಿಜವೇ ಎನ್ನುವುದಕ್ಕಿಂತ ಮೊದಲು ಅದು ಎಲ್ಲಿ ಬಿರುಕು ಬಿಟ್ಟಿದೆ ಎನ್ನುವುದು ಕಾಣಿಸುತ್ತದೆ. ಇನ್ನೊಂದು ಫುಟ್‌ಬಾಲ್. ನಮ್ಮ ಬಡಾವಣೆಯ ಸಣ್ಣ ಕ್ಲಬ್ಬಿನ ಹೆಂಗಸರ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿದ್ದೆ. ನಮ್ಮ ಕೋಚ್ ಕೊರಿಯಾದವರು. ಅವರನ್ನು ಇಲ್ಲಿ ಹಾನ್ ಎಂದಷ್ಟೇ ಕರೆಯುತ್ತೇನೆ.

ಕೋಚ್ ಹಾನ್‌ಗೆ ನಲವತ್ತರ ಮೇಲಿತ್ತು. ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವ ಕೆಲಸ, ಸಂಜೆ ನಮ್ಮ ತರಬೇತಿ. ಅವರ ದೇಶದಲ್ಲಿ ವಿಶ್ವಕಪ್ ನಡೆದ ವರ್ಷ, 2002ರಲ್ಲಿ, ಇಲ್ಲಿನ ಕೋಚಿಂಗ್ ಪರೀಕ್ಷೆಗಳನ್ನು ಪಾಸು ಮಾಡಲು ಬಂದವರು. ಬರುವ ಬೇಸಿಗೆಗೆ ಕ್ಲಬ್ಬು ಹುಡುಗಿಯರ ವಿಭಾಗಕ್ಕೆ ಪೂರ್ಣಾವಧಿ ಕೋಚ್ ತೆಗೆದುಕೊಳ್ಳುವುದಿತ್ತು, ಅದು ಅವರಿಗೇ ಎಂದು ಮಾತಾಗಿತ್ತು. ಆ ಕೆಲಸ ಬಂದರೆ ಈ ದೇಶದಲ್ಲಿರುವ ಪರ್ಮಿಟ್ ಮುಂದುವರಿಯುತ್ತದೆ, ಹೆಂಡತಿ ಮಗಳು ಇಲ್ಲಿಗೆ ಬರುತ್ತಾರೆ. ಬರದಿದ್ದರೆ ಇವರು ವಾಪಸ್ಸು. ಇದು ತಂಡದ ಎಲ್ಲರಿಗೂ ಗೊತ್ತಿತ್ತು. ಅವರು ಕಂಪನಿ ತಂಡವೊಂದಕ್ಕೆ ಆಡಿದ ಒಳ್ಳೆಯ ಮಿಡ್‌ಫೀಲ್ಡರ್ ಎನ್ನುವುದೂ ಗೊತ್ತಿತ್ತು. ಯಾಕೆ ಇಪ್ಪತ್ತಾರಕ್ಕೇ ಆಟ ಬಿಟ್ಟರು ಎನ್ನುವುದು ಗೊತ್ತಿರಲಿಲ್ಲ. ಅವರು ಎಂದೂ ನಮ್ಮ ಜೊತೆ ಓಡುತ್ತಿರಲಿಲ್ಲ. ಸೀಟಿ ಊದುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿದ್ದರು. ಅದು ಕೊರಿಯಾದ ಪದ್ಧತಿ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು.

ಜನವರಿಯ ಒಂದು ಸಂಜೆ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಇಂಗ್ಲಿಷಿನಲ್ಲಿ ಪದಗಳು ಕಡಿಮೆ, ಸುತ್ತುಬಳಸು ಇನ್ನೂ ಕಡಿಮೆ.

"ಎಷ್ಟು ವಾರದ ಕೆಮ್ಮು?"

"ಬಂದು ಹೋಗಿ ಮಾಡುತ್ತಿದೆ."

"ರಾತ್ರಿ ಬೆವರು?"

"ಹೀಟರ್ ಜಾಸ್ತಿ ಇಡುತ್ತಾರೆ ನಮ್ಮನೆಯಲ್ಲಿ."

"ನಿನ್ನ ಚಡ್ಡಿಯ ಲಾಡಿ ಮೊದಲಿಗಿಂತ ಉದ್ದ ನೇತಾಡುತ್ತಿದೆ. ಎಕ್ಸ್-ರೇ ತೆಗೆಸು."

"ನನ್ನಪ್ಪ ಡಾಕ್ಟರು, ಕೋಚ್."

"ಯಾವ ಡಾಕ್ಟರು?"

"ಮೂಳೆ."

"ಮೂಳೆ ಕೆಮ್ಮುವುದಿಲ್ಲ."

ಗೋಲ್ ಕಂಬದ ಹತ್ತಿರ ಬೂಟು ಬಿಚ್ಚುತ್ತಿದ್ದ ಕೆಲ್ಲಿ ಜೋರಾಗಿ ನಕ್ಕಳು. ಕೆಲ್ಲಿ ನಮ್ಮ ಗೋಲ್‌ಕೀಪರ್, ಬೇಕರಿಯಲ್ಲಿ ಕೆಲಸ. "ಅವಳ ಜೊತೆ ವಾದಕ್ಕೆ ಇಳಿಯಬೇಡಿ ಕೋಚ್, ಹೋದ ವಾರ ರೆಫರಿಗೇ ನಿಯಮ ಓದಿ ಹೇಳಿದವಳು!"

ನಗು ಕೇಳಿಸಿದ ಮೇಲೆ ನಾನು ಸುಮ್ಮನಿರುವುದುಂಟೇ? ಬೆರಳು ಮಡಚಿ ಎಣಿಸಿದೆ. ಒಂದು, ಚಿಕ್ಕವಳಿದ್ದಾಗಲೇ ನನಗೆ ಲಸಿಕೆ ಹಾಕಿಸಿದ್ದಾರೆ. ಎರಡು, ಮಾತ್ರೆ ತೆಗೆದುಕೊಂಡಾಗ ಕಡಿಮೆಯಾಗುತ್ತಿದೆ, ನೀವು ಊಹಿಸುತ್ತಿರುವ ರೋಗವಾಗಿದ್ದರೆ ಕಡಿಮೆಯಾಗುತ್ತಿರಲಿಲ್ಲ. ಮೂರು, ಜನವರಿಯಲ್ಲಿ ಈ ಊರಿನಲ್ಲಿ ಕೆಮ್ಮದವರು ಯಾರಿದ್ದಾರೆ ತೋರಿಸಿ. ನಿಮ್ಮ ಹತ್ತಿರ ಆಧಾರ ಏನಿದೆ?

ಅವರು ಏನೋ ಹೇಳಲು ಬಾಯಿ ತೆರೆದು, ಕೆಲ್ಲಿಯ ಕಡೆ ನೋಡಿ, ಮುಚ್ಚಿದರು. ನಾನು ಗೆದ್ದೆ. ಆ ಗೆಲುವಿಗೆ ನಾನು ತೆತ್ತದ್ದು ಐದು ವಾರ. ಆ ಐದು ವಾರವೂ ಹನ್ನೊಂದು ಹುಡುಗಿಯರ ಜೊತೆ ಕಿಟಕಿ ಮುಚ್ಚಿದ ಮಿನಿಬಸ್ಸಿನಲ್ಲಿ ಪಂದ್ಯಗಳಿಗೆ ಹೋಗಿಬಂದೆ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಆರು ಕನ್ನಡದ ಮಕ್ಕಳನ್ನು ಕೂರಿಸಿಕೊಂಡು ಕಾಗುಣಿತ ಹೇಳಿಕೊಟ್ಟೆ. ಹೀಟರ್ ಜಾಸ್ತಿ ಇಟ್ಟು.

ಫೆಬ್ರವರಿಯಲ್ಲಿ ಒಂದು ದಿನ ತರಬೇತಿಯ ನಡುವೆ ಅಂಗಿಯ ತೋಳಿಗೆ ಕೆಮ್ಮಿದಾಗ ಕೆಂಪು ಚುಕ್ಕೆ ಬಿತ್ತು. ತೋಳು ಮಡಚಿಕೊಂಡೆ. ಯಾರೂ ನೋಡಲಿಲ್ಲ ಅಂದುಕೊಂಡೆ. ಎಲ್ಲರೂ ಹೋದ ಮೇಲೆ ಕೋಚ್ ನನ್ನನ್ನು ನಿಲ್ಲಿಸಿ, ಕೋಟು ತೆಗೆದು ಬೇಲಿಯ ಮೇಲೆ ಹಾಕಿ, ಗೋಲ್ ಕಂಬದಿಂದ ಮೈದಾನದ ನಡುಗೆರೆಯ ತನಕ ಓಡಿದರು. ಅಷ್ಟೇ ದೂರ. ಚೆಂದದ ಓಟ, ಮಂಡಿ ಎತ್ತುವ ರೀತಿಯಲ್ಲೇ ಆಟಗಾರ ಕಾಣುತ್ತಿದ್ದ. ತಿರುಗಿ ಬಂದಾಗ ತುಟಿ ನೀಲಿಗಟ್ಟಿತ್ತು. ಎದೆಯೊಳಗಿಂದ ಹರಿದ ತಿದಿಯ ಸದ್ದು ಬರುತ್ತಿತ್ತು.

"ಕೇಳು," ಎಂದರು. "ಆಧಾರ ಕೇಳಿದೆಯಲ್ಲ. ಇದೇ."

ಅಲ್ಲೇ ಗಾಳಿಗೆ ನಿಂತು ಹೇಳಿದರು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ರಾಷ್ಟ್ರೀಯ ತಂಡದ ಶಿಬಿರಕ್ಕೆ ಕರೆ ಬಂದಿತ್ತು. ಅದಕ್ಕೆ ಎರಡು ತಿಂಗಳು ಮುಂಚೆ ಕ್ಷಯ ಎಂದು ಗೊತ್ತಾಗಿ ಗುಟ್ಟಾಗಿ ಮಾತ್ರೆ ನುಂಗುತ್ತಿದ್ದರು. ಅವರ ತಂಡಗಳಲ್ಲಿ ಆಟಗಾರ ತನ್ನ ನೋವನ್ನು ಕೋಚ್‌ಗೆ ಹೇಳುವ ಪದ್ಧತಿ ಇರಲಿಲ್ಲ, ಹೇಳಿದವನು ಬೆಂಚಿಗೆ. ಕೆಮ್ಮು ನಿಂತಿತ್ತು, ಮಾತ್ರೆ ತಿಂದರೆ ವಾಂತಿ, ವಾಂತಿಯಾದರೆ ಓಡಲಾಗದು. ಶಿಬಿರಕ್ಕೆ ಹೋಗುವಾಗ ಮಾತ್ರೆಯ ಪೊಟ್ಟಣವನ್ನು ರೈಲಿನಲ್ಲೇ ಬಿಟ್ಟರು. ಒಂದು ವರ್ಷ ಚೆನ್ನಾಗಿ ಆಡಿದರು. ಆಮೇಲೆ ತಿರುಗಿ ಬಂದ ರೋಗ ಯಾವ ಮಾತ್ರೆಗೂ ಬಗ್ಗಲಿಲ್ಲ. ಬಲಗಡೆಯ ಶ್ವಾಸಕೋಶದ ಮೇಲ್ಭಾಗ ಕತ್ತರಿಸಿ ತೆಗೆದರು. ಆಸ್ಪತ್ರೆಯಿಂದ ಬಂದವರಿಗೆ ಸಿಕ್ಕಿದ್ದು ಬೇರೆ ಯಾರೂ ಒಪ್ಪದ ಕೆಲಸ, ಒಂದು ಶಾಲೆಯ ಹುಡುಗಿಯರ ತಂಡ. ಹದಿನಾರು ವರ್ಷ ಅದನ್ನೇ ಮಾಡಿದರು.

"ಜನವರಿಯಲ್ಲೇ ಇದನ್ನು ಯಾಕೆ ಹೇಳಲಿಲ್ಲ?" ನನಗೆ ಸಿಟ್ಟು ಬಂದಿತ್ತು.

"ಕೆಲ್ಲಿ ಇದ್ದಳು. ಇಲ್ಲಿನ ಕ್ಲಬ್ಬಿನ ಫಾರ್ಮಿನಲ್ಲಿ ಕೇಳಿದ್ದರು, ಶ್ವಾಸಕೋಶದ ಕಾಯಿಲೆ ಇತ್ತೇ ಅಂತ. ಇಲ್ಲ ಅಂತ ಬರೆದಿದ್ದೇನೆ." ಕೋಟು ಹಾಕಿಕೊಂಡರು. "ಯಾರಿಗೂ ಹೇಳಬೇಡ. ನಾಳೆ ಎಕ್ಸ್-ರೇ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮರುದಿನ ನನ್ನ ಜೀವನದಲ್ಲೇ ಮೊದಲ ಬಾರಿಗೆ ಜೀಪಿಯ ಬಾಗಿಲಲ್ಲಿ ಕೂತೆ. ಅಲ್ಲಿಂದ ಎಲ್ಲವೂ ಬೇಗ ಬೇಗ ನಡೆಯಿತು. ಸಂಜೆಯೊಳಗೆ ಆಸ್ಪತ್ರೆಯಲ್ಲಿ ಬೇರೆ ಕೋಣೆ, ಬಾಗಿಲಿಗೆ ಹಳದಿ ಕಾಗದ, ಒಳಗೆ ಬರುವವರ ಬಾಯಿಗೆ ಮುಖಗವಸು. ಅಪ್ಪ ಟೈ ಕಟ್ಟಿಕೊಂಡೇ ಓಡಿ ಬಂದ. ಎದೆಯ ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಎಡಗಡೆ ಮೇಲೆ ಒಂದು ಉಂಗುರದಂಥ ಗುರುತನ್ನು ಪೆನ್ನಿನಿಂದ ತೋರಿಸಿ, ಮುಂಚೆ ಏನಾದರೂ ಔಷಧ ತೆಗೆದುಕೊಂಡಿದ್ದಳೇ ಎಂದು ಕೇಳಿದರು. ಅಪ್ಪ ಮಾತ್ರೆಯ ಹೆಸರು ಹೇಳಿದ. ಎಷ್ಟು ಸಲ? ಮೂರು. ಆ ಡಾಕ್ಟರು "ಓ" ಎಂದರು ಅಷ್ಟೇ, ಬೈಯಲಿಲ್ಲ. ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ. ನನ್ನ ಹತ್ತಿರ ಬಂದು ಕೂತು, ಮುಖಗವಸಿನ ಹಿಂದಿನಿಂದ, "ಆ ಮಾತ್ರಿ ಕೊಟ್ಟು ನಾನ ಮುಚ್ಚಿಟ್ಟೆನವಾ ಇದನ್ನ," ಎಂದ. ಅಪ್ಪನನ್ನು ಸಮಾಧಾನ ಮಾಡಬೇಕಿತ್ತು. ನನಗೆ ಬಂದದ್ದು ಕೋಪ. ನಾನು ಗೋಡೆ ನೋಡಿದೆ.

ಆ ಎರಡು ವಾರ ಗೋಡೆ ನೋಡುವುದೇ ಕೆಲಸ. ಅವ್ವ ದಿನಾ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ತರುತ್ತಿದ್ದಳು. ತಟ್ಟೆ ಮಾತ್ರ ಹೊಸದು, ಕಾಗದದ್ದು.

"ಮನಿ ತಾಟ್ ಎಲ್ಲಿ?"

"ತೊಳೆಯೂದ್ ತ್ರಾಸಾಗ್ತೈತಿ, ಅದಕ್ಕ."

"ಇಪ್ಪತ್ ವರ್ಷ ತೊಳದೀ, ಈಗ ತ್ರಾಸಾತೇನು? ತಾಟಿನಿಂದ ಬರಂಗಿಲ್ಲವ್ವಾ ಇದು, ಡಾಕ್ಟರ್‌ನ ಕೇಳು ಬೇಕಾದ್ರ."

"ಯಾವ ಡಾಕ್ಟರ್‌ನ ಕೇಳ್ಲಿ? ನಿಮ್ಮಪ್ಪನ್ನ?"

ಮುಖಗವಸಿನೊಳಗೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಕ್ಷಯದ ನರ್ಸ್ ಮೌರೀನ್ ಬಂದದ್ದು ಮೂರನೆಯ ದಿನ. ದಪ್ಪ ಹೆಂಗಸು, ಕುರ್ಚಿ ಎಳೆದು ಮಂಚಕ್ಕೆ ತಾಗಿಸಿಯೇ ಕೂರುತ್ತಿದ್ದರು. ಬಾಗಿಲ ಹತ್ತಿರ ನಿಂತು ಮಾತಾಡಿ ಹೋಗುವವರ ನಡುವೆ ಅದೇ ದೊಡ್ಡ ಉಪಕಾರ. ಕಿತ್ತಳೆ ಬಣ್ಣದ ವಿಷಯ ಹೇಳಿ, ಆರು ತಿಂಗಳು ಒಂದು ದಿನವೂ ತಪ್ಪಿಸಬಾರದೆಂದು ಹೇಳಿ, ಆಮೇಲೆ ಗೆರೆ ಎಳೆದ ಹಾಳೆ ಕೊಟ್ಟರು. ಮೂರು ತಿಂಗಳಿಂದ ಮುಚ್ಚಿದ ಜಾಗದಲ್ಲಿ ಹೆಚ್ಚು ಹೊತ್ತು ಯಾರ ಜೊತೆ ಇದ್ದೆ? ಹೆಸರು, ಫೋನ್, ವಾರಕ್ಕೆ ಎಷ್ಟು ಗಂಟೆ. ಎಲ್ಲರನ್ನೂ ಪರೀಕ್ಷೆ ಮಾಡಬೇಕು. ನಿನ್ನಿಂದ ಅವರಿಗೆ ಹೋಗಿರಬಹುದು, ಅವರಲ್ಲಿ ಯಾರಿಂದಲೋ ನಿನಗೆ ಬಂದಿರಬಹುದು.

"ನಾಳೆ ಬಂದು ತೆಗೆದುಕೊಂಡು ಹೋಗುತ್ತೇನೆ. ಯೋಚಿಸಿ ಬರಿ."

ಯೋಚಿಸಿಯೇ ಬರೆದೆ. ಅಪ್ಪ, ಅವ್ವ. ಚರ್ಚಾ ತಂಡದ ಜೊತೆಗಾರ. ಹನ್ನೊಂದು ಹುಡುಗಿಯರು. ಕಾಗುಣಿತದ ಆರು ಮಕ್ಕಳು. ಕೋಚ್ ಹಾನ್ ಬಳಿ ಬಂದಾಗ ಪೆನ್ನು ನಿಂತಿತು. ಅವರು ಮಿನಿಬಸ್ಸಿನ ಡ್ರೈವರು. ನಾನು ಮುಂದಿನ ಸೀಟಿನಲ್ಲಿ, ಅವರ ಪಕ್ಕದಲ್ಲೇ, ವಾರಕ್ಕೆ ಮೂರು ಗಂಟೆ. ಹೆಸರು ಬರೆದರೆ ಎಕ್ಸ್-ರೇ. ಎಕ್ಸ್-ರೇ ಆದರೆ ಇಲ್ಲದ ಶ್ವಾಸಕೋಶ ಕಾಣಿಸುತ್ತದೆ. ಕಂಡ ಮೇಲೆ ಫಾರ್ಮಿನಲ್ಲಿ ಬರೆದ "ಇಲ್ಲ" ಎಷ್ಟು ದಿನ ಉಳಿದೀತು? ನನ್ನನ್ನು ಉಳಿಸಲು ಬಿಚ್ಚಿಟ್ಟ ಗುಟ್ಟಿನಿಂದ ನಾನೇ ಅವರ ಕೆಲಸ ಕಳೆಯುವುದೇ? ಅವರಿಗೆ ಹಿಂದೆಯೇ ಬಂದು ಹೋಗಿದೆ, ಮತ್ತೇನು ಪರೀಕ್ಷೆ ಎಂದು ನನಗೆ ನಾನೇ ವಾದಿಸಿ, ನಾನೇ ತೀರ್ಪು ಕೊಟ್ಟುಕೊಂಡೆ.

ಮಧ್ಯಾಹ್ನ ಅವ್ವ ಹಾಳೆ ಓದಿದಳು. ಮುಖ ಬಿಳಿಚಿಕೊಂಡಿತು.

"ಏ ಶಾಲೂ, ಮಕ್ಕಳ ಹೆಸರು ಯಾಕ ಬರದೀ?"

"ವಾರಕ್ಕ ಎರಡ್ ತಾಸು ನನ್ನ ಮುಂದ ಕುಂತಾರ ಅವರು."

"ಆರೂ ಮನಿಗೆ ಆಸ್ಪತ್ರಿ ಕಾಗದ ಹೋಗ್ತೈತಿ. ನಾಳೆ ಯಾರರೆ ನಮ್ಮನ್ಯಾಗ ಒಂದ್ ವಾಟಿ ಚಹಾ ಕುಡದಾರೇನು? ತಗದ್ ಹಾಕು. ನಾ ಹಂಗ ಬಾಯಿ ಮಾತಿಲೆ ಹೇಳ್ತೇನಿ, ಎಲ್ಲಾರೂ ಥಂಡಿಗೆ ತೋರಿಸ್ಕೋರಿ ಅಂತ."

ಅದಕ್ಕೆ ಕಾದಿದ್ದವಳಂತೆ ಎದ್ದು ಕೂತೆ. ಮೂರು ದಿನ ಜನರೆದುರು ಮಾತಾಡದ ಬಾಯಿ. ಮುಖ ಮುಚ್ಚಿಕೊಳ್ಳುವುದಕ್ಕೋಸ್ಕರ ಆರು ವರ್ಷದ ಕೂಸಿನ ಎದೆಯನ್ನು ಪಣಕ್ಕಿಡುವವರನ್ನು ಏನೆಂದು ಕರೆಯಬೇಕು? ನಾಚಿಕೆ ದೊಡ್ಡದೋ ಜೀವ ದೊಡ್ಡದೋ? ಶರಣರ ಮನೆತನ ಎನ್ನುತ್ತೀರಿ, ನಡೆ ನುಡಿ ಒಂದೇ ಇರಬೇಕು ಎನ್ನುತ್ತೀರಿ, ಇದೇನಾ ನಡೆ? ನಡುವೆ ಕೆಮ್ಮು ಬಂತು, ನಿಲ್ಲಿಸಿ ಮತ್ತೆ ಶುರು ಮಾಡಿದೆ. ಅವ್ವ ಅಡ್ಡ ಬಾಯಿ ಹಾಕದೆ ಕೇಳಿದಳು. ಆಮೇಲೆ ಹಾಳೆಯ ಮೇಲೆ ಬೆರಳಾಡಿಸುತ್ತ ಹೆಸರುಗಳನ್ನು ಎಣಿಸಿದಳು.

"ಹನ್ನೊಂದ್ ಮಂದಿ ಹುಡುಗ್ಯಾರ್ ಅದಾರ. ನಿಮ್ಮ ಕೋಚ್ ಎಲ್ಲಿ?"

ನಾನು ಹಾಳೆಗೆ ಕೈಚಾಚಿದೆ, ಅವ್ವ ಕೊಡಲಿಲ್ಲ.

"ಪ್ರತಿ ವಾರ ಮನಿ ಮುಂದ ಗಾಡಿ ನಿಲ್ಲಿಸಿ ಹಾರ್ನ್ ಹೊಡೀತಾನ. ನೀ ಅಂವನ ಬಾಜೂಕ ಕುಂಡ್ರತಿ. ಅಂವಾ ಏನ್ ಉಸರಾಡಂಗಿಲ್ಲನು?"

"ಅವರ ವಿಷಯ ಬ್ಯಾರೆ ಐತಿ."

"ಬ್ಯಾರೆ?" ಅವ್ವ ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟಳು. "ನನಗ ಬೇಕಾದವ್ರು ಆರ್ ಮನಿ. ನಿನಗ ಬೇಕಾದಾಂವ ಒಬ್ಬಾಂವ. ಇಷ್ಟ ಹೌದಿಲ್ಲೊ?"

ಇಷ್ಟು ಪಂದ್ಯಗಳಲ್ಲಿ ಯಾವ ತೀರ್ಪುಗಾರನೂ ನನ್ನನ್ನು ಹೀಗೆ ಬೆತ್ತಲೆ ಮಾಡಿರಲಿಲ್ಲ. ಧಾರವಾಡದಲ್ಲಿ ಪಿಯುಸಿಗೆ ಓದು ಬಿಟ್ಟ ಹೆಂಗಸು ಒಂದೇ ಲೆಕ್ಕದಲ್ಲಿ ಮುಗಿಸಿದಳು. ಸಿಟ್ಟು ಬಂದು ಹೋಗು ಎಂದೆ. ಅವಳು ಹೋಗದೆ ಕಾರಿಡಾರಿನಲ್ಲಿ ಕೂತಳು.

ಹಾಸಿಗೆಯ ಪಕ್ಕದ ಫೋನಿನಿಂದ ಕೋಚ್‌ಗೆ ಕರೆ ಮಾಡಿದೆ. ವಿಮಾನಗಳ ಸದ್ದಿನ ನಡುವೆ ಅವರ ದನಿ. ಪಟ್ಟಿಯ ವಿಷಯ ಹೇಳಿದೆ.

"ಬರೆ," ಎಂದರು.

"ನಿಮ್ಮ ಕೆಲಸ ಹೋಗುತ್ತದೆ."

"ಗೊತ್ತು."

"ನಿಮ್ಮ ರೋಗ ವಾಸಿಯಾಗಿ ಹದಿನೆಂಟು ವರ್ಷ ಆಯಿತು. ನಿಮ್ಮನ್ನು ಪರೀಕ್ಷಿಸಿದರೆ ಯಾರಿಗೂ ಲಾಭವಿಲ್ಲ, ನಷ್ಟ ಮಾತ್ರ ನಿಶ್ಚಯ. ಇನ್ನೊಂದು..."

"ಶಾಲ್. ನನಗೇ ಮತ್ತೆ ತಿರುಗಿ ಬಂದಿದ್ದರೆ?"

ನನ್ನ ಯಾವ ಅಂಶದಲ್ಲೂ ಅದು ಇರಲಿಲ್ಲ.

"ನಾನೇ ನಿನಗೆ ಕೊಟ್ಟಿದ್ದರೆ? ಕೆಲ್ಲಿಗೆ ಕೊಡುತ್ತಿದ್ದರೆ? ಆಗ ನಮ್ಮ ತಂಡದ ವಸತಿಯಲ್ಲಿ ಎಂಟು ಜನ ಒಂದೇ ಕೋಣೆಯಲ್ಲಿ, ನೆಲದ ಮೇಲೆ ಸಾಲಾಗಿ ಮಲಗುತ್ತಿದ್ದೆವು. ನನ್ನ ಪಕ್ಕದ ಹಾಸಿಗೆಯವನು ಎಡಬದಿಯ ಡಿಫೆಂಡರ್. ನನ್ನದೇ ವಯಸ್ಸು. ಕೆಲವು ವಾರದಲ್ಲಿ ಅವನೂ ಕೆಮ್ಮತೊಡಗಿದ. ಯಾಕೆ ಅಂತ ನನಗೆ ಮಾತ್ರ ಗೊತ್ತಿತ್ತು. ನಾನು ಹೇಳಲಿಲ್ಲ."

"ಆಮೇಲೆ?"

"ನೀನು ಬಹಳ ಚೆನ್ನಾಗಿ ಮಾತಾಡುತ್ತೀಯ. ಈಗ ಬರೆ."

ಫೋನ್ ಇಟ್ಟರು. ನಾನು ಬರೆದೆ. ಅವ್ವನನ್ನು ಕರೆದು ತೋರಿಸಿದೆ. ಅವಳು ಓದಿ, ಮಡಚಿ, ಮೇಜಿನ ಮೇಲಿಟ್ಟು, "ಹಂಗಾರ ಮಕ್ಕಳ ಮನಿಗೆ ನಾನ ಫೋನ್ ಮಾಡ್ತೇನಿ. ಕಾಗದ ಮುಟ್ಟೂಕಿಂತ ಮೊದ್ಲ. ಟಿಬಿ ಅಂತನ ಹೇಳ್ತೇನಿ," ಎಂದಳು. ಆ ಸಂಜೆ ಆರು ಫೋನುಗಳನ್ನೂ ಮಾಡಿದಳು. ನಾಲ್ಕು ಮನೆಯವರು ಒಳ್ಳೆಯ ಮಾತಾಡಿದರಂತೆ. ಒಬ್ಬರು ಮಾತಿನ ನಡುವೆಯೇ ಫೋನ್ ಇಟ್ಟರಂತೆ. ಇನ್ನೊಬ್ಬರು, ನೀವು ಡಾಕ್ಟರ ಮನೆಯವರಾಗಿ ಹೀಗೆ ಮಾಡಬಹುದೇ ಎಂದು ಕೇಳಿದರಂತೆ. ಅದಕ್ಕೆ ಅವ್ವ, "ಡಾಕ್ಟರ್ ಮನಿಯವರಾದಕ್ಕ ಹಿಂಗಾತ್ರಿ," ಎಂದಳಂತೆ.

ಪರೀಕ್ಷೆಗಳು ಮುಗಿಯಲು ತಿಂಗಳು ಹಿಡಿಯಿತು. ಕೆಲ್ಲಿಗೆ ಸೋಂಕು ತಗುಲಿತ್ತು, ರೋಗವಾಗಿರಲಿಲ್ಲ. ಮೂರು ತಿಂಗಳ ಮಾತ್ರೆ. ಮಕ್ಕಳಲ್ಲಿ ಒಬ್ಬಳಿಗೂ ಹಾಗೆಯೇ. ಇಬ್ಬರಿಗೂ ನನ್ನಿಂದಲೇ ಹೋಗಿರಬೇಕು, ವಾದ ಗೆದ್ದ ಮೇಲಿನ ಆ ಐದು ವಾರಗಳಲ್ಲಿ. ಕೆಲ್ಲಿ ಆಸ್ಪತ್ರೆಗೆ ಬಂದು, "ಮಾತ್ರೆ ಇರುವಷ್ಟು ದಿನ ಕುಡಿಯಬಾರದಂತೆ. ನಿನ್ನನ್ನು ಕೊಲ್ಲುತ್ತೇನೆ, ಮೊದಲು ಪೂರ್ತಿ ಗುಣವಾಗು," ಎಂದಳು. ಆ ಮಗುವಿನ ಮನೆಯವರು ಇವತ್ತಿಗೂ ನಮ್ಮೊಂದಿಗೆ ಮಾತಾಡುವುದಿಲ್ಲ. ಅವರದು ತಪ್ಪು ಎಂದು ಸಾಧಿಸಲು ನನ್ನ ಹತ್ತಿರ ಏನೂ ಇಲ್ಲ.

ಕೋಚ್ ಹಾನ್‌ಗೆ ಏನೂ ಇರಲಿಲ್ಲ. ಹಳೆಯ ಗಾಯದ ಗುರುತು, ಕಫದ ಮೂರು ಪರೀಕ್ಷೆಯೂ ಶುದ್ಧ. ಆಸ್ಪತ್ರೆಯವರು ಕ್ಲಬ್ಬಿಗೆ ಅವರ ಬಗ್ಗೆ ಒಂದಕ್ಷರವನ್ನೂ ಹೇಳಲಿಲ್ಲ, ಹೇಳುವ ಹಾಗೂ ಇಲ್ಲ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಪೂರ್ಣಾವಧಿ ಕೆಲಸಕ್ಕೆ ಹೊಸ ಫಾರ್ಮ್ ಬಂತು, ಅದರಲ್ಲೂ ಅದೇ ಪ್ರಶ್ನೆ ಇತ್ತು, ಈ ಸಲ ಅವರು "ಹೌದು" ಎಂದು ಬರೆದರು. ಪಟ್ಟಿಯಲ್ಲಿ ನಿಜ ಬರೆಸಿದ ಮೇಲೆ ಮತ್ತೆ ಸುಳ್ಳು ಬರೆಯಲಾಗದು ಎಂದರಂತೆ. ನನಗೆ ಕೆಲ್ಲಿಯಿಂದ ಗೊತ್ತಾಯಿತು. ಹಾಸಿಗೆಯ ಮೇಲೆ ಗುದ್ದಿದೆ. ಯಾರು ಕೇಳಿದ್ದರು ಇವರನ್ನು?

ಕ್ಲಬ್ಬಿನ ಸಮಿತಿ ಏಪ್ರಿಲ್‌ನಲ್ಲಿ ಸೇರಿತು. ಆಗ ನನ್ನಿಂದ ಯಾರಿಗೂ ಅಂಟುವ ಭಯವಿರಲಿಲ್ಲ. ಮೌರೀನ್ ಕಾಗದ ಬರೆದು ಕೊಟ್ಟಿದ್ದರು. ನಾನು ಕೋಚ್ ಪರ ಮಾತಾಡಲು ಹೋದೆ. ಬದುಕಿನಲ್ಲಿ ಅಷ್ಟು ತಯಾರಿ ಮಾಡಿ ಎಲ್ಲೂ ಮಾತಾಡಿರಲಿಲ್ಲ. ರೋಗದಿಂದ ಯಾರಿಗೂ ಅಪಾಯವಿಲ್ಲ ಎನ್ನುವುದಕ್ಕೆ ವೈದ್ಯರ ಕಾಗದ. ಅವರು ಹೇಳದಿದ್ದರೆ ನಾನು ಇನ್ನೂ ಆರು ವಾರ ಕೆಮ್ಮುತ್ತ ನಿಮ್ಮ ಹುಡುಗಿಯರ ನಡುವೆ ಇರುತ್ತಿದ್ದೆ ಎನ್ನುವುದಕ್ಕೆ ನಾನೇ ಸಾಕ್ಷಿ. ಹಳೆಯ ಫಾರ್ಮಿನ ಸುಳ್ಳನ್ನು ಬಯಲು ಮಾಡಿದ್ದು ಯಾರು? ಅವರೇ. ಸುಳ್ಳು ಹೇಳಿದವನಿಗೆ ಕೆಲಸ ಕೊಟ್ಟು, ನಿಜ ಹೇಳಿದವನನ್ನು ಕಳಿಸುತ್ತೀರಾ?

ಕಾರ್ಯದರ್ಶಿ ಡೆರೆಕ್ ಒಳ್ಳೆಯ ಮನುಷ್ಯನೇ. ಕಣ್ಣು ಒರೆಸಿಕೊಂಡ. "ಬಹಳ ಚೆನ್ನಾಗಿ ಮಾತಾಡಿದೆ, ಮಗಳೇ. ಆದರೆ ಕಾಯಿಲೆಯ ಪ್ರಶ್ನೆ ಅಲ್ಲ. ನಂಬಿಕೆಯ ಪ್ರಶ್ನೆ. ಮಕ್ಕಳನ್ನು ಒಪ್ಪಿಸುವ ಕೆಲಸ."

"ಹಾಗಾದರೆ ಕಾಯಿಲೆ ಇತ್ತು ಎಂದು ಮೊದಲೇ ಬರೆದಿದ್ದರೆ ಅವತ್ತು ತೆಗೆದುಕೊಳ್ಳುತ್ತಿದ್ದಿರಾ?"

ಡೆರೆಕ್ ಉಳಿದವರನ್ನು ನೋಡಿದ. ಯಾರೂ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಯಾರೋ ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸಿದರು. ಚರ್ಚೆಯಲ್ಲಿ ಸೋತರೆ ಕೈಕುಲುಕಿ ಬಿಸ್ಕತ್ತು ತಿನ್ನುತ್ತೇವೆ, ಮುಂದಿನ ವಾರ ಇನ್ನೊಂದು ವಿಷಯ. ಇಲ್ಲಿ ಸೋತದ್ದು ಹೊರಗೆ ಮಿನಿಬಸ್ಸಿನಲ್ಲಿ ಕಾಯುತ್ತ ಕೂತಿದ್ದವರು. ನನ್ನ ಮುಖ ನೋಡಿ ಗಾಡಿ ಸ್ಟಾರ್ಟ್ ಮಾಡಿದರು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ನಾನು ಮೊದಲು ಬರೆದ ಹಾಗೆಯೇ ಆ ಹೆಸರನ್ನು ಬಿಟ್ಟು ಹಾಳೆ ಕೊಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅವರಿಂದ ನನಗೆ ಬಂದಿರಲಿಲ್ಲ, ಯಾರಿಗೂ ಹೋಗುವುದೂ ಇರಲಿಲ್ಲ. ಅವರು ಇವತ್ತು ಇಲ್ಲೇ ಇರುತ್ತಿದ್ದರು, ಮಗಳು ಇಲ್ಲೇ ಶಾಲೆಗೆ ಹೋಗುತ್ತಿದ್ದಳು. ಫಲ ನೋಡಿ ತೀರ್ಪು ಕೊಡುವುದಾದರೆ ನನ್ನ ಸುಳ್ಳೇ ಸರಿ. ಹಾಗೆಂದು ಅವತ್ತು ನಮಗೆ ಗೊತ್ತಿರಲಿಲ್ಲ ಎನ್ನುವುದು ಎದುರು ಪಕ್ಷದ ವಾದ. ಎರಡನ್ನೂ ನಾನು ಎಷ್ಟು ಸಲ ವಾದಿಸಿದ್ದೇನೋ ಲೆಕ್ಕವಿಲ್ಲ. ಒಮ್ಮೆಯೂ ಯಾವ ಪಕ್ಷವೂ ಪೂರ್ತಿ ಗೆದ್ದಿಲ್ಲ, ನನಗೆ ಅದು ಅಭ್ಯಾಸವಿಲ್ಲ.

ಜೂನ್‌ನಲ್ಲಿ ಅವರು ಹೊರಟರು. ಬೆಳಗಿನ ವಿಮಾನ. ತಾವೇ ಸರಕು ಇಳಿಸುತ್ತಿದ್ದ ನಿಲ್ದಾಣದಿಂದಲೇ. ನಮ್ಮ ಮನೆಯಿಂದ ಬಸ್ಸಿನಲ್ಲಿ ಹತ್ತು ನಿಮಿಷ. ನಾನೊಬ್ಬಳೇ ಹೋಗಿದ್ದೆ. ನನಗೆ ಆಗ ಚಿಕಿತ್ಸೆಯ ನಾಲ್ಕನೆಯ ತಿಂಗಳು. ಕೆಮ್ಮಿಲ್ಲ, ಜ್ವರವಿಲ್ಲ, ತೂಕ ತಿರುಗಿ ಬಂದಿತ್ತು. ಬೆಳಿಗ್ಗೆ ಎದ್ದು ಮಾತ್ರೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಚೆನ್ನಾಗಿರುವವಳು ಚೆನ್ನಾಗಿರುವುದಕ್ಕೆ ದಿನಾ ಯಾಕೆ ಕಾಯಿಲೆ ಬೀಳಬೇಕು ಎಂದು ನನ್ನೊಳಗೆ ಒಂದು ಒಳ್ಳೆಯ ವಾದ ಬೆಳೆಯುತ್ತಿತ್ತು. ಆ ವಾರ ಎರಡು ದಿನ ತಪ್ಪಿಸಿದ್ದೆ. ಮೌರೀನ್‌ಗೆ ಹೇಳಿರಲಿಲ್ಲ, ಅಪ್ಪನಿಗೂ.

ತಪಾಸಣೆಯ ಸಾಲಿನಲ್ಲಿ ಅವರ ಪಕ್ಕ ನಡೆಯುತ್ತ ಕೇಳಿದೆ. "ಹೆಸರು ಬರೆಸಿದ್ದಕ್ಕೆ ಈಗ ಬೇಸರ ಇದೆಯಾ?"

"ಇದೆ."

ಇಲ್ಲ ಎನ್ನುತ್ತಾರೆ, ನನಗೆ ಸಮಾಧಾನವಾಗುತ್ತದೆ ಎಂದು ಬಂದಿದ್ದೆ.

"ಹಾಗಾದರೆ?"

"ಹಾಗಾದರೆ ಏನು? ಬೇಸರ ಇದೆ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಇವತ್ತಿನ ಮಾತ್ರೆ ಆಯಿತಾ?"

ಆಯಿತು ಎನ್ನಲು ಬಾಯಿ ತೆರೆದೆ. "ಇಲ್ಲ," ಎಂದೆ. "ನಿನ್ನೆಯದೂ ಇಲ್ಲ."

ಅವರು ನಡೆಯುವುದನ್ನು ನಿಲ್ಲಿಸಿ ಚೀಲ ಕೆಳಗಿಟ್ಟರು. ನಾನು ಬ್ಯಾಗಿನಿಂದ ಡಬ್ಬಿ ತೆಗೆದೆ. ನೀರಿರಲಿಲ್ಲ. ಒಂದನ್ನು ಹಾಗೆಯೇ ನುಂಗಿದೆ, ಗಂಟಲಲ್ಲಿ ನಿಂತಿತು, ಇನ್ನೂ ಎರಡಿದ್ದವು. ಸಾಲಿನಲ್ಲಿ ಹಿಂದೆ ನಿಂತಿದ್ದ ಮನೆಮಂದಿ ಏನಾಯಿತು ಎಂದು ಕೇಳಿದರು. ಕೋಚ್ ಕೈ ಬೀಸಿ, ನೀವು ಮುಂದೆ ಹೋಗಿ ಎಂದರು. ಅವರು ಹೋದರು, ಅವರ ಹಿಂದಿನವರೂ ಹೋದರು. ನಾನು ಮೂರನೆಯದನ್ನು ನುಂಗಿ ಬಾಯಿ ತೆರೆದು ತೋರಿಸುವ ತನಕ ಕೋಚ್ ಹೆಜ್ಜೆ ಎತ್ತಲಿಲ್ಲ.